ಸುಣ್ಣದ ಗೆರೆಯಾಚೆಗಿನ ಓಟ: ನಾಲ್ಕು ತಾಲ್ಲೂಕುಗಳ ದೈಹಿಕ ಶಿಕ್ಷಕರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಾಪಕ ಮಿತ್ರರೇ,

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಮಕ್ಕಳಿಗೆ ವ್ಯಾಯಾಮವನ್ನೂ ಕ್ರೀಡೆಯನ್ನೂ ಕಲಿಸುತ್ತಿರುವ ತಮ್ಮೆಲ್ಲರನ್ನೂ ಒಟ್ಟಾಗಿ ಸಂಬೋಧಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ತಮ್ಮಲ್ಲಿ ಕೆಲವರನ್ನು ಹೋಬಳಿ ಮಟ್ಟದ ಕ್ರೀಡಾಕೂಟಗಳ ಶಾಮಿಯಾನದ ಕೆಳಗೆ, ಕೊರಳಲ್ಲಿ ಸೀಟಿ, ಕೈಯಲ್ಲಿ ಹೆಸರುಪಟ್ಟಿ, ಮುಖದಲ್ಲಿ ಬೆಳಗಿನಿಂದ ಕಾಫಿ ಕಾಣದ ಆಯಾಸ, ಇಷ್ಟರೊಡನೆ ಕಂಡಿದ್ದೇನೆ. ಮಿಕ್ಕವರು ನನಗೆ ಅಪರಿಚಿತರು. ನಾನು ಕ್ರೀಡಾಶಾಸ್ತ್ರದ ಪಂಡಿತನಲ್ಲ, ಯಾವ ಸಂಘದ ಪದಾಧಿಕಾರಿಯೂ ಅಲ್ಲ. ಹಾಸನದ ಸುತ್ತಮುತ್ತಣ ಕಾಲುದಾರಿಗಳಲ್ಲಿ ಬೆಳಗಿನ ಹೊತ್ತು ಓಡುವ ಅಭ್ಯಾಸವುಳ್ಳ, ವಯಸ್ಸು ಸರಿದ ಒಬ್ಬ ಗೃಹಸ್ಥ. ಆದುದರಿಂದ ಇದನ್ನು ಉಪದೇಶವೆಂದು ಭಾವಿಸದೆ ಒಂದು ಬಿನ್ನಹವೆಂದು ಓದಬೇಕಾಗಿ ಪ್ರಾರ್ಥನೆ.

ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳು ಬಂದುವೆಂದರೆ ತಮಗೆ ಒದಗುವ ಸಂಕಟವನ್ನು ನಾನು ಬಲ್ಲೆನು. ಶಾಲೆಯ ಮೈದಾನವೆಂಬುದು ಬಹುಮಟ್ಟಿಗೆ ಒಂದು ಮಗ್ಗುಲಿಗೆ ಇಳಿಜಾರಾದ, ಇನ್ನೊಂದು ಮಗ್ಗುಲಲ್ಲಿ ಊರ ದನಗಳ ದಾರಿಯನ್ನು ಒಳಗೊಂಡ ಬಯಲು. ಅಲ್ಲಿ ಹಗ್ಗ ಹಿಡಿದು ಅಳೆದು, ಸುಣ್ಣದ ಪುಡಿಯಿಂದ ಗೆರೆ ಎಳೆದು ಇನ್ನೂರು ಮೀಟರಿನ ಟ್ರ್ಯಾಕೊಂದನ್ನು ಮುಗಿಸುವಷ್ಟರಲ್ಲಿ ಸೋನೆಮಳೆ ಬಂದು ಅರ್ಧವನ್ನು ತೊಳೆದುಹಾಕುವುದು. ಉಳಿದರ್ಧದ ಆಧಾರದ ಮೇಲೆ ಮೂರು ಸಾವಿರ ಮೀಟರಿನ ಓಟವನ್ನು ನಡೆಸಬೇಕಾದರೆ ಮಕ್ಕಳು ಹದಿನೈದು ಸುತ್ತು ಬರಬೇಕು. ಹನ್ನೊಂದನೆಯ ಸುತ್ತಿನ ವೇಳೆಗೆ ಓಡುವವರಿಗೂ ಲೆಕ್ಕ ತಪ್ಪಿ, ಬರೆದುಕೊಳ್ಳುವವರಿಗೂ ತಪ್ಪಿ, ಎರಡು ಶಾಲೆಗಳ ನಡುವೆ ಒಂದು ವರ್ಷಕ್ಕೆ ಸಾಲುವಷ್ಟು ಮನಸ್ತಾಪ ಸಿದ್ಧವಾಗಿರುವುದು. ಹೋಬಳಿಗೊಂದು ಸಿಂಥೆಟಿಕ್ ಟ್ರ್ಯಾಕು ಬರುವ ಕಾಲವನ್ನು ಕಾಯೋಣವೆಂದರೆ, ಈಗ ಎಂಟನೆಯ ತರಗತಿಯಲ್ಲಿರುವವರ ಮಕ್ಕಳಿಗಾದರೂ ಅದು ದೊರೆತೀತೆಂಬ ಭರವಸೆ ನನಗಿಲ್ಲ. ಆದರೆ ಅದೇ ಮೈದಾನದ ಬೇಲಿಯನ್ನು ದಾಟಿದೊಡನೆ ಕೆರೆಯ ಏರಿಯೋ, ನಾಲೆಯ ದಂಡೆಯೋ, ಹೊಲದ ಬದುವೋ, ಗುಡ್ಡಕ್ಕೆ ಹತ್ತುವ ಕಾಲುದಾರಿಯೋ ಯಾರ ಅನುದಾನವನ್ನೂ ಬೇಡದೆ ತೆರೆದುಬಿದ್ದಿರುವುದು. ಅಂತಹ ಹಾದಿಗಳ ಮೇಲೆ ಓಡುವುದನ್ನೇ ಒಂದು ಶಿಸ್ತುಬದ್ಧ ಕ್ರೀಡೆಯಾಗಿ ಜಗತ್ತು ಈಗ ಅಂಗೀಕರಿಸಿದೆ. ಅದಕ್ಕೆ ಟ್ರೇಲ್ ರನ್ನಿಂಗ್ ಎಂದು ಹೆಸರು.

ಈ ಕ್ರೀಡೆಯ ಲಕ್ಷಣವನ್ನು ಹೇಳುವುದು ಸುಲಭ. ಹಾದಿಯು ಪ್ರಕೃತಿಯ ನಡುವೆ, ಮಣ್ಣು, ಕಲ್ಲು, ಹುಲ್ಲು, ಮರಳುಗಳ ಮೇಲೆ ಸಾಗತಕ್ಕದ್ದು. ಡಾಂಬರು ಕಾಂಕ್ರೀಟುಗಳ ಪಾಲು ಒಟ್ಟು ದೂರದ ಕಾಲುಭಾಗವನ್ನು ಮೀರಕೂಡದು. ದಾರಿಯನ್ನು ಪಟ್ಟಿಗಳಿಂದಲೋ ಬಣ್ಣದ ಗುರುತುಗಳಿಂದಲೋ ತೋರಿಸಿರಬೇಕು. ಓಡುವವನು ತನಗೆ ಬೇಕಾದ ನೀರು ಆಹಾರಗಳ ಹೊಣೆಯನ್ನು ಬಹುಮಟ್ಟಿಗೆ ತಾನೇ ಹೊರಬೇಕು. ದೂರಕ್ಕೆ ಇಂತಿಷ್ಟೇ ಎಂಬ ಕಟ್ಟಿಲ್ಲ: ಐದು ಕಿಲೋಮೀಟರಿನಿಂದ ನೂರಾರು ಕಿಲೋಮೀಟರಿನವರೆಗೆ ಸ್ಪರ್ಧೆಗಳುಂಟು. 2013ರಲ್ಲಿ ಅಂತರರಾಷ್ಟ್ರೀಯ ಟ್ರೇಲ್ ರನ್ನಿಂಗ್ ಸಂಘ ಸ್ಥಾಪಿತವಾಯಿತು. 2015ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆಯು ಇದನ್ನು ಅಥ್ಲೆಟಿಕ್ಸಿನ ಒಂದು ವಿಭಾಗವೆಂದು ಮಾನ್ಯಮಾಡಿತು. ಪರ್ವತದ ಓಟ ಮತ್ತು ಹಾದಿಯ ಓಟಗಳೆರಡನ್ನೂ ಕೂಡಿಸಿದ ವಿಶ್ವ ಚಾಂಪಿಯನ್‌ಷಿಪ್ ಮೊದಲ ಬಾರಿಗೆ 2022ರ ನವೆಂಬರಿನಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯಿಯಲ್ಲಿ ಜರುಗಿತು.

ಹಾಗೆಂದು ಇದು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಇಂಗ್ಲೆಂಡಿನ ಉತ್ತರ ಭಾಗದ ಗ್ರಾಸ್‌ಮಿಯರ್ ಎಂಬ ಹಳ್ಳಿಯಲ್ಲಿ, ಪ್ರವಾಸಿಗಳಿಗೆ ಬೆಟ್ಟದ ದಾರಿ ತೋರುವವರ ನಡುವೆ, ಎದುರಿನ ಗುಡ್ಡವನ್ನು ಹತ್ತಿ ಇಳಿಯುವ ಪಂದ್ಯವು 1868ರಷ್ಟು ಹಿಂದೆಯೇ ಆರಂಭವಾಯಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಒಂದೇ ದಿನದಲ್ಲಿ ನೂರು ಮೈಲಿ ಬೆಟ್ಟದ ಹಾದಿಯನ್ನು ಕುದುರೆಯ ಮೇಲೆ ಕ್ರಮಿಸುವ ಸ್ಪರ್ಧೆಯೊಂದುಂಟು. ಗಾರ್ಡಿ ಏನ್ಸ್‌ಲಿ ಎಂಬಾತನ ಕುದುರೆ ಒಂದು ವರ್ಷ ಕುಂಟಿ ನಿಂತಿತು. ಮರುವರ್ಷ, ಎಂದರೆ 1974ರಲ್ಲಿ, ಆತ ಕುದುರೆಯೇ ಬೇಡವೆಂದು ಸವಾರರ ನಡುವೆ ತಾನು ಕಾಲ್ನಡಿಗೆಯಲ್ಲಿ ಓಡಿ 23 ಗಂಟೆ 42 ನಿಮಿಷದಲ್ಲಿ ಗುರಿ ಮುಟ್ಟಿದನು. ಇಂದಿಗೂ ಆ ಹಾದಿಯಲ್ಲಿ ನಡೆಯುವ ನೂರು ಮೈಲಿಯ ಓಟ ಅಲ್ಲಿಂದಲೇ ಮೊದಲಾದುದು. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರು ದೇಶಗಳ ನೆಲವನ್ನು ಮೆಟ್ಟಿ ಮೋಂ ಬ್ಲಾಂ ಪರ್ವತವನ್ನು ಪ್ರದಕ್ಷಿಣೆ ಹಾಕುವ ಪ್ರಸಿದ್ಧ ಓಟ 2003ರಲ್ಲಿ ಹುಟ್ಟಿತು. ನೂರ ಎಪ್ಪತ್ತು ಕಿಲೋಮೀಟರಿನಷ್ಟು ದೂರ, ಒಟ್ಟು ಸುಮಾರು ಹತ್ತು ಸಾವಿರ ಮೀಟರಿನ ಏರು. ಅದನ್ನು ಓದಿ ನಾವು ಆಶ್ಚರ್ಯಪಡಬಹುದೇ ಹೊರತು ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಅದರಿಂದ ಪ್ರಯೋಜನವೇನೂ ಇಲ್ಲ.

ನಮ್ಮ ನಾಡಿಗೇ ಬರೋಣ. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ ಅಂಚೆಯ ವ್ಯವಸ್ಥೆಯಲ್ಲಿ ಟಪಾಲನ್ನು ಹೊತ್ತ ಹರಿಕಾರನು ಗೆಜ್ಜೆ ಕಟ್ಟಿದ ಕೋಲನ್ನು ಹಿಡಿದು ಕಟ್ಟೆಯಿಂದ ಕಟ್ಟೆಗೆ ಓಡುತ್ತಿದ್ದನು. 1889ರಲ್ಲಿ ಆ ಇಲಾಖೆ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಗುವವರೆಗೂ, ಆ ಬಳಿಕವೂ ಎಷ್ಟೋ ಕಾಲ, ಮಳೆಗಾಲದ ಕೆಸರಿನಲ್ಲಿ, ಮೃಗಗಳ ಭಯವಿದ್ದ ಕಾಡಂಚಿನಲ್ಲಿ ಓಡಿದ ಆ ಮನುಷ್ಯರಿಗೆ ಪದಕವನ್ನು ಕೊಟ್ಟವರಿಲ್ಲ, ಅವರ ಕಾಲಮಾನವನ್ನು ಗುರುತು ಮಾಡಿಟ್ಟವರೂ ಇಲ್ಲ. ಇಂದಿನ ಸ್ಪರ್ಧೆಗಳ ಮಾತು ಹೇಳುವುದಾದರೆ, ಬೆಂಗಳೂರಿನ ಹೆಸರಘಟ್ಟದ ಮಣ್ಣುದಾರಿಗಳಲ್ಲಿ ಅಲ್ಟ್ರಾ ಓಟ ನಡೆದು ಬಂದಿದೆ. ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ಒಳದಾರಿಗಳಲ್ಲಿ ಮಲ್ನಾಡ್ ಅಲ್ಟ್ರಾ ಎಂಬ ಹೆಸರಿನಲ್ಲಿ ಐವತ್ತು, ನೂರು ಕಿಲೋಮೀಟರುಗಳ ಸ್ಪರ್ಧೆ ಏರ್ಪಡುತ್ತಿದೆ. ಆದರೆ ತಮ್ಮ ಗಮನವನ್ನು ನಾನು ವಿಶೇಷವಾಗಿ ಸೆಳೆಯಬಯಸುವುದು ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನಿನತ್ತ. ರಂಗನತಿಟ್ಟಿನ ಬಳಿ ನೀರಾವರಿ ನಾಲೆಯ ಮಗ್ಗುಲ ಮಣ್ಣುದಾರಿ, ಒಂದು ಕಡೆ ಹರಿಯುವ ನೀರು, ಇನ್ನೊಂದು ಕಡೆ ಗದ್ದೆ. ಅದರಲ್ಲಿಯೇ ಹೋಗಿ ಅದರಲ್ಲಿಯೇ ಹಿಂದಿರುಗುವ ಓಟ. ಬೆಟ್ಟವಿಲ್ಲ, ಘಟ್ಟವಿಲ್ಲ, ದುರ್ಗಮವೆಂಬುದು ಏನೂ ಇಲ್ಲ. ಅಂತಹ ನಾಲೆಯ ದಂಡೆಗಳು ತಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟಿವೆಯೆಂಬುದನ್ನು ತಾವೇ ಎಣಿಸಿಕೊಳ್ಳಬಹುದು.

ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾದಂದಿನಿಂದ ಎಡದಂಡೆ ನಾಲೆಯು ಚನ್ನರಾಯಪಟ್ಟಣದ ಸೀಮೆಯನ್ನು ಹಾದು, ಬಾಗೂರು ನವಿಲೆಗಳ ನಡುವೆ ಸುರಂಗವನ್ನು ಹೊಕ್ಕು ತುಮಕೂರಿನ ಕಡೆಗೆ ಸಾಗುತ್ತದೆ. ಬಲದಂಡೆಯ ನಾಲೆಗಳು ಅರಕಲಗೂಡು ಹೊಳೆನರಸೀಪುರಗಳ ಹೊಲಗಳಿಗೆ ನೀರನ್ನು ಒಯ್ಯುತ್ತವೆ. ಈ ನಾಲೆಗಳ ಮಗ್ಗುಲಲ್ಲಿ ಇಲಾಖೆಯ ಜೀಪು ಓಡಾಡಲೆಂದು ಮಾಡಿದ ಮಣ್ಣುದಾರಿಗಳು ಹೆಚ್ಚು ಏರಿಳಿತವಿಲ್ಲದೆ ಮೈಲಿಗಟ್ಟಲೆ ಮುಂದುವರಿಯುವುವು. ಹೊಸಬನು ಮಣ್ಣಿನ ಓಟವನ್ನು ಕಲಿಯುವುದಕ್ಕೆ ಇದಕ್ಕಿಂತ ಸೌಮ್ಯವಾದ ನೆಲ ಬೇರೆಯಿಲ್ಲ. ಹಾಸನದವರಿಗೆ ಊರ ಮಗ್ಗುಲಲ್ಲೇ ಸೀಗೆಗುಡ್ಡವುಂಟು. ಬೇಸಿಗೆಯಲ್ಲಿ ಜಲಾಶಯದ ಹಿನ್ನೀರು ಸರಿದಾಗ ಶೆಟ್ಟಿಹಳ್ಳಿಯ ಮುಳುಗಡೆಯ ಚರ್ಚಿನ ಸುತ್ತ ಬಿರುಕು ಬಿಟ್ಟ ಕೆರೆಯಂಗಳದಂತಹ ಬಯಲು ತೆರೆದುಕೊಳ್ಳುವುದು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಕಟ್ಟಡದ ಒಳಗೆ ಮಾತ್ರ ಯಾರನ್ನೂ ಓಡಗೊಡಬೇಡಿ, ಗೋಡೆಗಳು ಶಿಥಿಲವಾಗಿವೆ. ಹೊಳೆನರಸೀಪುರದವರಿಗೆ ಹೇಮಾವತಿಯ ದಡವೂ, ರಂಗನಾಥಸ್ವಾಮಿ ನೆಲಸಿರುವ ಮಾವಿನಕೆರೆ ಬೆಟ್ಟದ ತಪ್ಪಲೂ ಉಂಟು. ಅರಕಲಗೂಡಿನವರ ಭಾಗ್ಯವಂತೂ ಅಸೂಯೆ ಹುಟ್ಟಿಸುವಂತಹುದು: ಉತ್ತರಕ್ಕೆ ಹೇಮಾವತಿ, ದಕ್ಷಿಣಕ್ಕೆ ಕಾವೇರಿ, ರಾಮನಾಥಪುರ ಕೊಣನೂರುಗಳ ಕಡೆ ಹೊಗೆಸೊಪ್ಪಿನ ಹೊಲಗಳ ನಡುವೆ ಹಾದು ಹೊಳೆಯನ್ನು ಮುಟ್ಟುವ ಓಣಿಗಳಿಗೆ ಲೆಕ್ಕವಿಲ್ಲ. ಪೂರ್ವದ ಬಯಲುಸೀಮೆಯ ಅಂಚಿಗೆ ಬಂದರೆ, ಮೈಸೂರು ಸಂಸ್ಥಾನವು ಅಮೃತಮಹಲ್ ರಾಸುಗಳಿಗೆಂದು ಮೀಸಲಿಟ್ಟಿದ್ದ ಹುಲ್ಲುಗಾವಲುಗಳು, ಒತ್ತುವರಿಯಿಂದ ಪಾರಾಗಿ ಉಳಿದಷ್ಟು, ಕುರುಚಲು ಗಿಡಗಳ ನಡುವೆ ದನಗಳು ತುಳಿದ ನೂರಾರು ಜಾಡುಗಳನ್ನು ಇಟ್ಟುಕೊಂಡಿವೆ. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿಯ ಎತ್ತರದಲ್ಲಿರುವ ಹಾಸನದ ಸೀಮೆಯ ಬೆಳಗಿನ ತಂಪು ಓಡುವವನಿಗೆ ಎಷ್ಟು ಅನುಕೂಲವೆಂಬುದನ್ನು ರಾಯಚೂರು ಬಳ್ಳಾರಿಗಳಿಂದ ವರ್ಗವಾಗಿ ಬಂದಿರುವ ತಮ್ಮ ಸಹೋದ್ಯೋಗಿಗಳನ್ನು ಕೇಳಿ ತಿಳಿಯಬಹುದು.

ಹಾದಿ ಉಂಟೆಂದ ಮಾತ್ರಕ್ಕೆ ಓಟ ಬಂದಂತಾಗಲಿಲ್ಲ. ಟ್ರ್ಯಾಕಿನ ಮೇಲೆ ಮಗುವಿಗೆ ತಾವು ಕಲಿಸುವ ಪಾಠಗಳಲ್ಲಿ ಅರ್ಧವನ್ನು ಇಲ್ಲಿ ಬದಿಗಿಡಬೇಕಾಗುವುದು. ಅಲ್ಲಿ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯ ಹಾಗೆಯೇ ಇರಬೇಕೆಂಬುದು ನಿಯಮ. ಇಲ್ಲಿ ಎರಡು ಹೆಜ್ಜೆಗಳು ಒಂದೇ ಬಗೆಯಾಗಿದ್ದರೆ ಎರಡನೆಯದರಲ್ಲಿ ಬೀಳುವ ಸಂಭವವೇ ಹೆಚ್ಚು. ರಾಗಿಯ ಹೊಲಗಳ ನಡುವಣ ಒಂದು ಗಾಡಿಜಾಡನ್ನು ತಾವು ಬಗ್ಗಿ ನೋಡಬೇಕು. ಎರಡು ಕಡೆಯೂ ಚಕ್ರಗಳು ಕೊರೆದ ಕೊರಕಲು, ಹಿಂದೆ ಎತ್ತಿನ ಗಾಡಿಯ ಹಳಿಪಟ್ಟಿ ಕೊರೆದುದನ್ನು ಈಗ ಟ್ರ್ಯಾಕ್ಟರು ಅಗಲಿಸಿದೆ. ನಡುವೆ ಗರಿಕೆಯೂ ಮುಟ್ಟಿದರೆ ಮುನಿಯೂ ಹಬ್ಬಿದ ದಿಣ್ಣೆ. ಒಣಗಿದ ದಿನಗಳಲ್ಲಿ ಕೊರಕಲಿನ ತಳ ಗಟ್ಟಿಯಾಗಿ, ನುಣ್ಣಗೆ, ಓಡಲು ಬಲು ಹಿತವಾಗಿರುವುದು. ಮಳೆ ಬಿದ್ದ ಮರುದಿನ ಅದೇ ಕೆಂಪುಮಣ್ಣು ಶೂಗೆ ಮೆತ್ತಿಕೊಂಡು ಹತ್ತು ಹೆಜ್ಜೆಗೆ ಕಾಲಿನ ಭಾರವನ್ನು ಇಮ್ಮಡಿಸುವುದು. ಆಗ ದಿಣ್ಣೆಯ ಹುಲ್ಲನ್ನು ಏರಬೇಕು. ಆದರೆ ಅಲ್ಲಿ ಹಸಿಮಣ್ಣಿನಲ್ಲಿ ಊರಿ ಒಣಗಿದ ದನದ ಗೊರಸಿನ ಕುಳಿಗಳು ಹುಲ್ಲಿನಡಿಯಲ್ಲಿ ಅಡಗಿರುವುವು. ಪಾದದ ಅಂಚು ಅದರೊಳಕ್ಕೆ ಜಾರಿತೆಂದರೆ ಹರಡು ಹೊರಕ್ಕೆ ಮಡಚಿ ಉಳುಕುವುದು. ಹೀಗಿರಲು ಓಡುವವನ ದೃಷ್ಟಿ ಕಾಲ ಬುಡದಲ್ಲಿಯೂ ಇರಲಾಗದು, ದಿಗಂತದಲ್ಲಿಯೂ ಇರಲಾಗದು. ನಾಲ್ಕೈದು ಹೆಜ್ಜೆ ಮುಂದೆ ನೆಟ್ಟು, ಅಲ್ಲಿ ಕಂಡುದನ್ನು ಮನಸ್ಸಿನಲ್ಲಿಟ್ಟುಕೊಂಡು, ಕಾಲು ಆ ಸ್ಥಳವನ್ನು ಮುಟ್ಟುವಷ್ಟರಲ್ಲಿ ಕಣ್ಣು ಮುಂದಿನದನ್ನು ಅರಸಿರಬೇಕು. ಹೆಜ್ಜೆ ಚಿಕ್ಕದಾಗಿಯೂ ಚುರುಕಾಗಿಯೂ ಇರಬೇಕು. ಒಂದು ಹೆಜ್ಜೆ ತಪ್ಪಿದರೂ ದೇಹದ ಭಾರವೆಲ್ಲವೂ ಅದರ ಮೇಲೆ ಬೀಳುವ ಮುನ್ನ ಇನ್ನೊಂದು ಕಾಲು ನೆಲಕ್ಕೆ ತಗಲಿರಬೇಕು. ಹಳ್ಳಿಯ ಹುಡುಗಿಯರು ನೀರಿನ ಕೊಡವನ್ನು ಹೊತ್ತು ಬದುವಿನ ಮೇಲೆ ಬಿರುಸಾಗಿ ಬರುವಾಗ ಅವರ ಪಾದಗಳನ್ನು ಗಮನಿಸಿದ್ದೇನೆ. ಅವರಿಗೆ ಈ ವಿದ್ಯೆಯನ್ನು ಪ್ರತ್ಯೇಕವಾಗಿ ಕಲಿಸಬೇಕಾದುದಿಲ್ಲ.

ಏರಿನಲ್ಲಿ ನಡೆಯುವುದು ಅವಮಾನವಲ್ಲ. ಪ್ರಪಂಚದ ಅತಿ ಶ್ರೇಷ್ಠ ಓಟಗಾರರೂ ಕಡಿದಾದ ಏರು ಬಂದಾಗ ಅಂಗೈಗಳನ್ನು ಮಂಡಿಯ ಮೇಲ್ಭಾಗಕ್ಕೆ ಒತ್ತಿ, ಮುಂದಕ್ಕೆ ಬಾಗಿ, ದಾಪುಗಾಲಿನಲ್ಲಿ ನಡೆದೇ ಹತ್ತುತ್ತಾರೆ. ನಡೆಯುವ ಮಗುವನ್ನು ಕಂಡೊಡನೆ ಸೀಟಿ ಊದಿ ಗದರುವ ನಮ್ಮ ಮೈದಾನದ ಚಾಳಿಯನ್ನು ಇಲ್ಲಿ ಬಿಟ್ಟುಬರಬೇಕು. ಕಷ್ಟವಿರುವುದು ಇಳಿಯುವುದರಲ್ಲಿ. ಇಳಿಜಾರಿನಲ್ಲಿ ಭಯವು ಮನುಷ್ಯನನ್ನು ಹಿಂದಕ್ಕೆ ಬಾಗಿಸಿ ಹಿಮ್ಮಡಿಯೂರಿ ತಡೆಯುವಂತೆ ಪ್ರೇರಿಸುವುದು; ಹಿಮ್ಮಡಿಯ ಕೆಳಗಣ ಸಡಿಲ ಕಲ್ಲು ಸರಿದೊಡನೆ ಬೆನ್ನಿನ ಮೇಲೆ ಬೀಳುವುದೇ ಅದರ ಫಲ. ದೇಹವನ್ನು ಇಳಿಜಾರಿಗೆ ಒಪ್ಪಿಸಿ, ಮಂಡಿಯನ್ನು ಸಡಿಲವಾಗಿಟ್ಟು, ತೋಳುಗಳನ್ನು ಅಗಲಿಸಿ, ಪುಟ್ಟ ಹೆಜ್ಜೆಗಳಲ್ಲಿ ಇಳಿಯುವುದನ್ನು ಮೊದಲು ಹುಲ್ಲಿನ ಸಣ್ಣ ದಿಬ್ಬದ ಮೇಲೆ ಅಭ್ಯಾಸ ಮಾಡಿಸಬೇಕು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಭಾರವನ್ನು ತಡೆಯಬೇಕಾಗುವುದರಿಂದ ಮರುದಿನವೂ ಅದರ ಮರುದಿನವೂ ನೋವು ಸಹಜ. ಹೀಗೆ ಒಮ್ಮೆ ನೋವುಂಡ ಸ್ನಾಯು ಮುಂದಿನ ಕೆಲವು ವಾರಗಳ ಕಾಲ ಅಂತಹುದೇ ಇಳಿತವನ್ನು ಕಡಿಮೆ ನೋವಿನಿಂದ ತಾಳಿಕೊಳ್ಳುವುದೆಂಬುದು ಶರೀರಶಾಸ್ತ್ರದಲ್ಲಿ ಸಿದ್ಧವಾದ ವಿಷಯ. ಇದನ್ನು ಮಕ್ಕಳಿಗೂ ಅವರ ತಾಯಂದಿರಿಗೂ ಮೊದಲೇ ತಿಳಿಸಿಟ್ಟರೆ ಮರುದಿನ ಶಾಲೆಯ ಬಾಗಿಲಿಗೆ ದೂರು ಬರುವುದು ತಪ್ಪುವುದು.

ಓಟವನ್ನು ಅಳೆಯುವ ಕ್ರಮವೂ ಇಲ್ಲಿ ಬೇರೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟನು: ನಡೆಯುವವನಿಗೆ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಎರಡು ಸಾವಿರ ಅಡಿಯ ಏರಿಗೆ ಇನ್ನೊಂದು ಗಂಟೆ. ಈಗಿನ ಟ್ರೇಲ್ ಓಟದವರು ಅದೇ ತತ್ವವನ್ನು ಬೇರೆ ರೀತಿಯಲ್ಲಿ ಹೇಳುತ್ತಾರೆ: ಪ್ರತಿ ನೂರು ಮೀಟರಿನ ಏರನ್ನು ಒಂದು ಕಿಲೋಮೀಟರೆಂದು ಎಣಿಸಿ ದೂರಕ್ಕೆ ಕೂಡಿಸುವುದು. ಹತ್ತು ಕಿಲೋಮೀಟರಿನ ಹಾದಿಯಲ್ಲಿ ಒಟ್ಟು ಮುನ್ನೂರು ಮೀಟರಿನ ಏರಿದ್ದರೆ ಅದರ ಶ್ರಮ ಹದಿಮೂರಕ್ಕೆ ಸಮ. ಆದಕಾರಣ ಒಂದು ಹಾದಿಯ ಹತ್ತು ಕಿಲೋಮೀಟರನ್ನು ಇನ್ನೊಂದು ಹಾದಿಯ ಹತ್ತರೊಡನೆ ಹೋಲಿಸಿ ದಾಖಲೆ ಬರೆಯುವುದಕ್ಕೆ ಅರ್ಥವಿಲ್ಲ. ಅಭ್ಯಾಸದ ಮೊದಲ ತಿಂಗಳುಗಳಲ್ಲಿ ದೂರವನ್ನೇ ಮರೆತು, ಅರ್ಧ ಗಂಟೆ, ಮುಕ್ಕಾಲು ಗಂಟೆಯೆಂದು ಕಾಲವನ್ನು ಮಾತ್ರ ಗೊತ್ತುಮಾಡಿ, ಪಕ್ಕದವನೊಡನೆ ಮಾತನಾಡುತ್ತ ಸಾಗುವಷ್ಟು ನಿಧಾನವಾಗಿ ಓಡಿಸಿದರೆ ಸಾಕು. ದಿನನಿತ್ಯದ ಮೂರು ಸಾವಿರ ಮೀಟರಿನಲ್ಲಿ ಕಡೆಯವನಾಗಿ ಬರುವ ಹುಡುಗ ಇಲ್ಲಿ ಅನಿರೀಕ್ಷಿತವಾಗಿ ಮುಂದಿರುವುದನ್ನು ತಾವು ಕಾಣಬಹುದು. ದನ ಕಾಯುವವನಿಗೂ, ತೋಟದ ದಾರಿಯಲ್ಲಿ ಶಾಲೆಗೆ ಬರುವವಳಿಗೂ ಕಲ್ಲುಮುಳ್ಳಿನ ನೆಲದ ಪರಿಚಯ ಹೆಚ್ಚು. ಪಟ್ಟಣದ ಶಾಲೆಯ ಮಕ್ಕಳಿಗೆ ಸ್ಪೈಕ್ಸ್ ಶೂ ಉಂಟು, ಹಳ್ಳಿಯ ಮಕ್ಕಳಿಗಿಲ್ಲವೆಂಬ ತಾರತಮ್ಯ ಹಾದಿಯ ಮೇಲೆ ಬಹುಮಟ್ಟಿಗೆ ಕರಗುವುದು. ನಾನು ಈ ಪತ್ರವನ್ನು ಬರೆಯಲು ಹೊರಟುದಕ್ಕೆ ಮುಖ್ಯ ಕಾರಣವೂ ಅದೇ.

ಶೂ ವಿಚಾರ ಬಂದುದರಿಂದ ಹೇಳುತ್ತೇನೆ. ಅಂಗಡಿಗಳಲ್ಲಿ ಟ್ರೇಲ್ ಶೂ ಎಂದು ಸಾವಿರಾರು ರೂಪಾಯಿಗೆ ಮಾರುವುದರ ವಿಶೇಷವೆಂದರೆ ಅಟ್ಟೆಯ ಅಡಿಯಲ್ಲಿ ಹಲ್ಲುಹಲ್ಲಾಗಿ ಎದ್ದ ರಬ್ಬರು ಮತ್ತು ಬೆರಳುಗಳ ಮುಂದೆ ಕಲ್ಲಿನ ಪೆಟ್ಟನ್ನು ತಡೆಯುವ ಗಟ್ಟಿ ಅಂಚು. ಒಳ್ಳೆಯದೇ, ಘಟ್ಟದ ಕೆಸರಿಗೆ ಅವಶ್ಯವೂ ಹೌದು. ನಾಲೆಯ ದಾರಿಗೆ ಸಾಮಾನ್ಯ ಕ್ಯಾನ್ವಾಸ್ ಶೂ ಸಾಕು. ಬರಿಗಾಲೇ ಅಭ್ಯಾಸವಾಗಿರುವ ಮಗುವಿಗೆ ಬರಿಗಾಲೇ ಆಗಬಹುದೆಂದು ಒಂದು ಕಾಲದಲ್ಲಿ ನಾನೂ ವಾದಿಸುತ್ತಿದ್ದೆ. ನೆಗ್ಗಿಲು ಮುಳ್ಳು, ಒಡೆದ ಬಾಟಲಿಯ ಚೂರು ಇವು ಎಲ್ಲ ಏರಿಗಳ ಮೇಲೂ ಕಾಣತೊಡಗಿದ ಮೇಲೆ ಹಾಗೆನ್ನುವ ಧೈರ್ಯವಿಲ್ಲ. ಆಹಾರಕ್ಕೆ ಪೊಟ್ಟಣದ ಜೆಲ್ಲುಗಳನ್ನು ಹುಡುಕಬೇಕಾದ ಪ್ರಮೇಯವಿಲ್ಲ: ಬೆಲ್ಲ, ಕಡಲೆಕಾಯಿ, ಒಂದು ಚೂರು ಕೊಬ್ಬರಿ, ಓಟ ಮುಗಿದ ಮೇಲೆ ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ರಾಗಿಯ ಅಂಬಲಿ. ನೀರನ್ನು ಬಾಯಾರಿದಾಗ ಕುಡಿಯಲಿ. ದೀರ್ಘ ಓಟಗಳಲ್ಲಿ ಬಲವಂತವಾಗಿ ಲೀಟರುಗಟ್ಟಲೆ ನೀರು ಕುಡಿದು ರಕ್ತದ ಸೋಡಿಯಂ ಇಳಿದು ಪ್ರಾಣಾಪಾಯಕ್ಕೆ ಸಿಕ್ಕಿದವರುಂಟು.

ಅಪಾಯಗಳ ವಿಚಾರವನ್ನು ನಾನು ಮುಚ್ಚಿಡಲಾರೆ. ನಾಲೆಯಲ್ಲಿ ನೀರು ಬಿಟ್ಟಿರುವ ತಿಂಗಳುಗಳಲ್ಲಿ ಮಕ್ಕಳು ನೀರಿನ ಕಡೆಯ ಅಂಚಿಗೆ ಹೋಗದಂತೆ ಕಟ್ಟುನಿಟ್ಟು ಮಾಡಬೇಕು. ಕಾಂಕ್ರೀಟು ಬಳಿದ ಓರೆ ಗೋಡೆ ಪಾಚಿಗಟ್ಟಿದಾಗ ಈಜು ಬಲ್ಲ ಪ್ರೌಢನೂ ಅದನ್ನು ಹತ್ತಿ ಬರಲಾರ. ಮೊದಲ ಸಲ ನೀರಿಲ್ಲದ ಕಾಲವನ್ನೇ ಆರಿಸಿಕೊಳ್ಳಬೇಕೆಂದು ನನ್ನ ಖಚಿತವಾದ ಅಭಿಪ್ರಾಯ. ಸಕಲೇಶಪುರ, ಆಲೂರುಗಳ ಕಡೆ, ಅರಕಲಗೂಡಿನ ಪಶ್ಚಿಮದಂಚಿನಲ್ಲಿಯೂ, ಕಾಡಾನೆಗಳ ಸಂಚಾರವಿರುವ ಸಂಗತಿ ತಮಗೆ ತಿಳಿಯದುದಲ್ಲ. ದಸರೆಯ ಅಂಬಾರಿಯನ್ನು ಹೊತ್ತಿದ್ದ ಅರ್ಜುನನಂತಹ ಆನೆಯೇ 2023ರ ಡಿಸೆಂಬರಿನಲ್ಲಿ ಯಸಳೂರಿನ ಬಳಿ ಕಾಡಾನೆಯೊಡನೆ ಕಾದಾಡಿ ಪ್ರಾಣಬಿಟ್ಟ ಸೀಮೆಯಿದು. ಅರಣ್ಯದ ಗಡಿಯನ್ನು ಇಲಾಖೆಯ ಅನುಮತಿಯಿಲ್ಲದೆ ದಾಟಬಾರದು, ಮಬ್ಬುಗತ್ತಲೆಯಲ್ಲಿ ಓಡಬಾರದು, ಕಿವಿಗೆ ಇಯರ್‌ಫೋನು ಸರ್ವಥಾ ಕೂಡದು. ಸಕಲೇಶಪುರದಿಂದ ಘಟ್ಟವಿಳಿಯುವ ರೈಲುಹಳಿಯ ಮೇಲೆ ನಡೆಯುವುದನ್ನು ಸಾಹಸವೆಂದು ಬಗೆವ ಹುಡುಗರು ಇನ್ನೂ ಇದ್ದಾರೆ. ಅದು ಅಪರಾಧ, ಸೇತುವೆಯ ಮೇಲೆ ಗಾಡಿ ಬಂದರೆ ಸರಿದು ನಿಲ್ಲುವುದಕ್ಕೆ ಎಡೆಯೂ ಇಲ್ಲ. ಹಾವು ಕಚ್ಚಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು, ನಾಟಿ ಔಷಧಿಗೆ ಓಡುವುದು ಇವೊಂದೂ 
ಇಲ್ಲದೆ, ಕಚ್ಚಿದ ಕಾಲನ್ನು ಅಲುಗಿಸದೆ ಪ್ರತಿವಿಷವಿರುವ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ಪ್ರತಿ ಮಗುವೂ ಬಾಯಿಪಾಠ ಮಾಡಿರಲಿ. ಪ್ರತಿಯೊಬ್ಬರ ಕೊರಳಲ್ಲೂ ಒಂದು ಸೀಟಿಯಿರಲಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ತಡೆದು, ಮತ್ತೆ ಆರು ಸಲ ಊದುವುದು ಪರ್ವತ ಪ್ರದೇಶಗಳಲ್ಲಿ ರೂಢವಾದ ಆಪತ್ಸೂಚನೆ.

ಹವಾಮಾನವನ್ನು ಹಗುರವಾಗಿ ಕಂಡರೆ ಏನಾಗುವುದೆಂಬುದಕ್ಕೆ ಚೀನಾದ ಗಾನ್ಸು ಪ್ರಾಂತದ ದುರಂತವೇ ಸಾಕ್ಷಿ. 2021ರ ಮೇ 22ರಂದು ಅಲ್ಲಿ ನಡೆದ ನೂರು ಕಿಲೋಮೀಟರಿನ ಓಟದಲ್ಲಿ ಹಠಾತ್ತಾಗಿ ಬಿರುಗಾಳಿ, ಆಲಿಕಲ್ಲು, ಶೀತಗಳು ಬಂದೆರಗಿ, ತೆಳು ಉಡುಪಿನಲ್ಲಿದ್ದ 172 ಮಂದಿ ಸ್ಪರ್ಧಿಗಳಲ್ಲಿ 21 ಮಂದಿ ಅಸುನೀಗಿದರು. ಅವರಲ್ಲಿ ಆ ದೇಶದ ಅಗ್ರಗಣ್ಯ ಓಟಗಾರರೇ ಇದ್ದರು. ನಮ್ಮ ಸೀಮೆಯಲ್ಲಿ ಹಿಮವಿಲ್ಲ, ಆದರೆ ಮೇ ತಿಂಗಳ ಸಂಜೆಯ ಸಿಡಿಲುಂಟು. ಬಯಲಿನ ಕಾವಲಿನಲ್ಲಿ ಒಂಟಿ ಮರದ ಕೆಳಗೆ ನಿಲ್ಲುವುದು ತರವಲ್ಲವೆಂಬುದನ್ನು ಕುರಿಗಾಹಿಗಳೂ ಬಲ್ಲರು.

ಇನ್ನು ನಡವಳಿಕೆ. ಹಾದಿ ನಮ್ಮದಲ್ಲ, ಹುಲ್ಲಿನ ಹೊರೆ ಹೊತ್ತು ಬರುವ ಹೆಂಗಸು ಎದುರಾದರೆ ಬದಿಗೆ ನಿಂತು ದಾರಿ ಬಿಡತಕ್ಕವನು ಓಟಗಾರ. ಬೆಳೆಯಿರುವ ಹೊಲವನ್ನು ಅಡ್ಡಹಾಯಬಾರದು. ತೋಟದ ಗೇಟನ್ನು ತೆರೆದರೆ ಮತ್ತೆ ಹಾಕಿ ಹೋಗಬೇಕು. ನಾಯಿ ಬೊಗಳಿದರೆ ಓಡದೆ ನಿಂತು, ಮನೆಯವರನ್ನು ಕೂಗಿ ಕರೆಯಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಹತ್ತುವ, ಬಂಡೆಯಲ್ಲಿ ಕಡೆದ ಆರು ನೂರಕ್ಕೂ ಮಿಕ್ಕ ಮೆಟ್ಟಿಲುಗಳು ಒಳ್ಳೆಯ ಅಭ್ಯಾಸಸ್ಥಳವೆಂದು ಚನ್ನರಾಯಪಟ್ಟಣದ ಕಡೆಯ ಯುವಕರೊಬ್ಬರು ನನ್ನಲ್ಲಿ ವಾದಿಸಿದರು. ಬಯಲಿನಿಂದ 470 ಅಡಿ ಎದ್ದು ನಿಂತ ಆ ಬೆಟ್ಟವನ್ನು ಏಳು ಬಾರಿ ಹತ್ತಿದರೆ ಸಾವಿರ ಮೀಟರಿನ ಏರಾಗುವುದೆಂಬ ಲೆಕ್ಕ ಸರಿಯೇ. ಆದರೆ ಶತಮಾನಗಳಿಂದ ಪಾದರಕ್ಷೆ ಕಳಚಿ, ಮೌನವಾಗಿ ಜನ ಹತ್ತುತ್ತಿರುವ ಕ್ಷೇತ್ರದಲ್ಲಿ ಕೈಗಡಿಯಾರ ನೋಡುತ್ತ ವೃದ್ಧ ಯಾತ್ರಿಕರನ್ನು ಸರಿಸಿಕೊಂಡು ಹಾರುವುದು ನನಗೆ ಸಮ್ಮತವಲ್ಲ. ಹತ್ತುವುದಿದ್ದರೆ ಎಲ್ಲರಂತೆ ಒಮ್ಮೆ ಹತ್ತಿ ಗೊಮ್ಮಟನನ್ನು ನೋಡಿ ಬರಲಿ.

ತಾವು ಎತ್ತಬಹುದಾದ ಆಕ್ಷೇಪಗಳನ್ನು ಊಹಿಸಬಲ್ಲೆನು. ಇದಕ್ಕೆ ಇಲಾಖೆಯ ಪಟ್ಟಿಯಲ್ಲಿ ಸ್ಥಾನವೆಲ್ಲಿ, ಗೆದ್ದವನಿಗೆ ಅಂಕವೆಲ್ಲಿ ಎಂದರೆ, ಗುಡ್ಡಗಾಡು ಓಟವೆಂಬುದು ವಿಶ್ವವಿದ್ಯಾಲಯಗಳ ಕ್ರೀಡಾಪಟ್ಟಿಯಲ್ಲಿ ಆಗಲೇ ಉಂಟು. ಎಷ್ಟೋ ಸಲ ಅದನ್ನು ಹೆದ್ದಾರಿಯ ಡಾಂಬರಿನ ಮೇಲೆ ಲಾರಿಗಳ ನಡುವೆ ಓಡಿಸಿ ಮುಗಿಸುತ್ತಾರೆಂಬುದು ಬೇರೆ ಮಾತು. ಮಣ್ಣಿನಲ್ಲಿ ಪಳಗಿದ ಕಾಲಿಗೆ ಆ ಸ್ಪರ್ಧೆಯಲ್ಲಿ ನಷ್ಟವೇನೂ ಇಲ್ಲ. ಹೆಣ್ಣುಮಕ್ಕಳನ್ನು ಊರಾಚೆ ಓಡಲು ಕಳಿಸುವವರಾರು ಎಂದರೆ, ಅದು ನಿಜವಾದ ಕಷ್ಟವೇ. ತಂಡವಾಗಿ, ಹಗಲಿನಲ್ಲಿ, ಶಿಕ್ಷಕಿಯೊಬ್ಬರ ಜತೆಯಲ್ಲಿ, ಮೊದಲ ದಿನ ತಾಯಂದಿರನ್ನೂ ಏರಿಯ ಮೇಲೆ ನಡೆಯಲು ಕರೆದು ಆರಂಭಿಸುವುದಕ್ಕಿಂತ ಬೇರೆ ಉಪಾಯ ನನಗೆ ತೋರದು. ಹದಿನೆಂಟು ತುಂಬದವರಿಗೆ ಐವತ್ತು ನೂರು ಕಿಲೋಮೀಟರುಗಳ ಆಸೆ ಹಚ್ಚುವವರನ್ನು ಮಾತ್ರ ಹತ್ತಿರ ಸೇರಿಸಬೇಡಿ. ಐದಾರು ಕಿಲೋಮೀಟರಿನ ಹಾದಿ ಅವರಿಗೆ ಬೇಕಾದಷ್ಟಾಯಿತು.

ನನ್ನ ಬಿನ್ನಹವಿಷ್ಟೇ. ಡಿಸೆಂಬರ್ ಕಳೆದು ರಾಗಿಯ ಕುಯ್ಲು ಮುಗಿದ ಬಳಿಕ, ಕಣಗಳು ಬರಿದಾಗಿ ಹೊಲಗಳು ಕೂಳೆಯಾಗಿ ಬಿದ್ದಿರುವ ವಾರಗಳಲ್ಲಿ, ತಾಲ್ಲೂಕಿಗೊಂದರಂತೆ ಐದು ಕಿಲೋಮೀಟರಿನ ಮಣ್ಣುಹಾದಿಯನ್ನು ತಾವು ತಾವೇ ಆರಿಸಿ, ಮಕ್ಕಳನ್ನು ಕರೆದೊಯ್ಯುವ ಮುನ್ನ ಒಮ್ಮೆ ಪೂರ್ತಿಯಾಗಿ ನಡೆದು ನೋಡಬೇಕು: ಎಲ್ಲಿ ಬೇಲಿ ಹಾಕಿದ್ದಾರೆ, ಎಲ್ಲಿ ಹೆಜ್ಜೇನು ಕಟ್ಟಿದೆ, ಎಲ್ಲಿ ಆಂಬ್ಯುಲೆನ್ಸು ಬರಬಲ್ಲುದು, ಫೋನಿಗೆ ಎಲ್ಲಿ ಸಿಗ್ನಲ್ ಸಿಗದು ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳಬೇಕು. ಹಾದಿ ಹಾಯುವ ಜಮೀನಿನವರನ್ನು ಮೊದಲೇ ಕಂಡು ಒಂದು ಮಾತು ಹೇಳಿರಬೇಕು. ಯಾರಾದರೂ ಕರೆದರೆ ನಾನೂ ಬೆಳಗಿನ ಬಸ್ಸು ಹಿಡಿದು ಜತೆಗೆ ನಡೆಯಲು ಬರುವೆನು. ಗುರುತಿಗೆ ಕಟ್ಟುವ ಬಣ್ಣದ ಬಟ್ಟೆಯ ಪಟ್ಟಿಗಳನ್ನು ಮನೆಯಲ್ಲಿ ಹರಿದಿಟ್ಟಿದ್ದೇನೆ. ಪ್ಲಾಸ್ಟಿಕ್ ಬೇಡ, ದನ ತಿನ್ನುತ್ತವೆ. ಓಟ ಮುಗಿದ ದಿನವೇ ಅವನ್ನು ಬಿಚ್ಚಿ ತರಲು ಇಬ್ಬರು ಹುಡುಗರನ್ನು ಮಾತ್ರ ತಾವು ಗೊತ್ತುಮಾಡಿರಬೇಕು.

ಇತಿ,
ತಮ್ಮ ವಿಶ್ವಾಸಿ,
ಹಾಸನದ ಒಬ್ಬ ಹಾದಿಯ ಓಟಗಾರ